ಕುರಿ ಹಿಕ್ಕೆ ಹೊಲಕ್ಕೆ: ನೈಜರ್‌ನ ಮರಳು, ಲೆಸೊಥೊದ ಬೆಟ್ಟ

ಸಜ್ಜೆತೆನೆ:
ಆಫ್ರಿಕಾದ ಎರಡು ದೇಶಗಳನ್ನು ಇಟ್ಟುಕೊಂಡು ಕುರಿಗೊಬ್ಬರದ ಬಗ್ಗೆ ಮಾತಾಡೋಣ. ಪಶ್ಚಿಮದ ನೈಜರ್‌ನಲ್ಲಿ ಸುಡುವ ಬಿಸಿಲು, ಮರಳು ಹೊಲ, ಸಜ್ಜೆ ಬೆಳೆ. ದಕ್ಷಿಣದ ಲೆಸೊಥೊದಲ್ಲಿ ಇಡೀ ದೇಶವೇ ಸಮುದ್ರಮಟ್ಟದಿಂದ 1,400 ಮೀಟರ್‌ಗಿಂತ ಮೇಲಿದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಮೆಕ್ಕೆಜೋಳ, ಜೋಳ, ಗೋಧಿ ಬೆಳೆಯುತ್ತಾರೆ. ಎರಡೂ ಕಡೆ ಕುರಿ ಹೇರಳ, ರಸಗೊಬ್ಬರ ತುಟ್ಟಿ, ಮಣ್ಣು ಸೊರಗಿದೆ. ಹಾಗಿದ್ದೂ ಹಿಕ್ಕೆ ಹೊಲ ಸೇರುವ ದಾರಿ ಪೂರ್ತಿ ಬೇರೆ. ಯಾವ ಕಡೆ ಎಲ್ಲಿ ಸೋರಿಕೆ ಆಗುತ್ತಿದೆ, ಅದನ್ನು ಹೇಗೆ ತಡೆಯಬಹುದು ಎಂಬುದನ್ನು ತಿಳಿದವರು ಅಂಕಿಯ ಸಮೇತ ಬರೆಯಿರಿ. ‘ಸಾವಯವ ಒಳ್ಳೆಯದು’ ಎಂಬ ಒಂದೇ ಸಾಲಿನ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ.

ಮರಳುಹೊಲ:
ನೈಜರ್‌ನಿಂದ ಶುರು ಮಾಡುತ್ತೇನೆ. ಅಲ್ಲಿ ಮುಖ್ಯ ಪದ್ಧತಿ ಹೊಲದಲ್ಲೇ ಮಂದೆ ನಿಲ್ಲಿಸುವುದು. ಸಜ್ಜೆ ಕೊಯ್ಲಾದ ಮೇಲೆ ಫುಲಾನಿ ಕುರಿಗಾಹಿಗಳು ಉತ್ತರದ ಹುಲ್ಲುಗಾವಲಿನಿಂದ ದಕ್ಷಿಣಕ್ಕೆ ಇಳಿಯುತ್ತಾರೆ. ಹಗಲು ಕುರಿಗಳು ಕೂಳೆ ಮೇಯುತ್ತವೆ, ರಾತ್ರಿ ಗೊತ್ತುಮಾಡಿದ ಹೊಲದಲ್ಲಿ ಮಲಗುತ್ತವೆ. ಹೊಲದವನು ಪ್ರತಿಯಾಗಿ ಸಜ್ಜೆ ಕೊಡುತ್ತಾನೆ, ಇಲ್ಲವೇ ಹಣ, ಇಲ್ಲವೇ ತನ್ನ ಬಾವಿಯ ನೀರು. ಎಷ್ಟೋ ಕಡೆ ಈ ನೀರಿನ ಹಕ್ಕೇ ಒಪ್ಪಂದದ ನಿಜವಾದ ಬೆಲೆ. ಗೊಬ್ಬರಕ್ಕೆ ಹೌಸಾ ಭಾಷೆಯಲ್ಲಿ ‘ತಾಕಿ’ ಎನ್ನುತ್ತಾರೆ.

ಲೆಕ್ಕ ನೋಡಿ. 30 ಕೆ.ಜಿ. ತೂಗುವ ಒಂದು ಕುರಿ ದಿನಕ್ಕೆ ಒಣ ತೂಕದಲ್ಲಿ ಸುಮಾರು 400 ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿ ರಾತ್ರಿಯ ಪಾಲು ಸುಮಾರು 170 ಗ್ರಾಂ. 100 ಕುರಿಗಳನ್ನು 10 ಮೀಟರ್‌ಗೆ 10 ಮೀಟರ್ ಅಳತೆಯ ಜಾಗದಲ್ಲಿ ನಿಲ್ಲಿಸಿದರೆ ಒಂದು ರಾತ್ರಿಗೆ 17 ಕೆ.ಜಿ. ಬೀಳುತ್ತದೆ. ಹೆಕ್ಟೇರಿಗೆ ಹೊಂದಿಸಿದರೆ 1.7 ಟನ್. ಎರಡು ರಾತ್ರಿಗೆ 3.4 ಟನ್. ಸಾರಜನಕ 1.5%, ರಂಜಕ 0.2% ಎಂದು ಹಿಡಿದರೆ ಹೆಕ್ಟೇರಿಗೆ 51 ಕೆ.ಜಿ. ಸಾರಜನಕ, ಸುಮಾರು 7 ಕೆ.ಜಿ. ರಂಜಕ. ಆ ಮಣ್ಣಿಗೆ, ಆ ಮಳೆಗೆ ಇಷ್ಟು ಸಾಕು. ಬೇಲಿಯನ್ನು ಅಲ್ಲೇ ಬಿಟ್ಟು ಐದು ರಾತ್ರಿ ನಿಲ್ಲಿಸಿದರೆ 8.5 ಟನ್ ಆಗುತ್ತದೆ, 127 ಕೆ.ಜಿ. ಸಾರಜನಕ. ಸಜ್ಜೆ ಅಷ್ಟನ್ನು ಎತ್ತಿಕೊಳ್ಳಲಾರದು, ಉಳಿದದ್ದು ಮರಳಿನ ಆಳಕ್ಕೆ ಇಳಿದುಹೋಗುತ್ತದೆ.

ಎತ್ತು, ಹಸುಗಳನ್ನು ಸಾಲಾಗಿ ಗೂಟಕ್ಕೆ ಕಟ್ಟಿದರೆ ಸಗಣಿ ಒಂದಿಷ್ಟು ಹರಡಿ ಬೀಳುತ್ತದೆ. ಕುರಿ ಹಾಗಲ್ಲ. ಬೇಲಿ ಹಾಕದಿದ್ದರೆ ಕುರಿಗಾಹಿಯ ಹಾಸಿಗೆಯ ಸುತ್ತ ಒತ್ತಾಗಿ ಗುಂಪುಗಟ್ಟುತ್ತವೆ, ಒಂದು ಕುರಿಗೆ ಅರ್ಧ ಚದರ ಮೀಟರ್ ಸಹ ಬಳಸುವುದಿಲ್ಲ. ಆಗ ಮೇಲಿನ ಲೆಕ್ಕ ಇಮ್ಮಡಿಯಾಗುತ್ತದೆ, ಹೊಲದ ಒಂದು ತುಂಡು ಕೊಬ್ಬಿ ಮಿಕ್ಕಿದ್ದು ಬರಡಾಗಿಯೇ ಉಳಿಯುತ್ತದೆ. ಮುಳ್ಳುಕೊಂಬೆಯ ಬೇಲಿಯಾಗಲಿ ಬಲೆಯಾಗಲಿ ಇರಲೇಬೇಕು, ಎರಡು ರಾತ್ರಿಗೊಮ್ಮೆ ಸರಿಸಲೇಬೇಕು.

ಎರೆಹೊಲ:
ಇದು ನಮ್ಮ ಕಡೆ ಕುರುಬರು ಕುರಿ ತರುಬಿದಂತೆಯೇ ಇದೆಯಲ್ಲ! ರಾತ್ರಿಗೆ ಇಂತಿಷ್ಟು ಕಾಳು, ಇಲ್ಲವೇ ಹಣ ಎಂದು ಮಾತಾಡಿ ಎರೆಹೊಲದಲ್ಲಿ ಹಿಂಡು ನಿಲ್ಲಿಸುವುದು. ಹಿಕ್ಕೆಗಿಂತ ಉಚ್ಚೆಯೇ ಹೊಲಕ್ಕೆ ಹೆಚ್ಚು ಶಕ್ತಿ ಎಂದು ಇಲ್ಲಿನ ಹಳಬರು ಹೇಳುತ್ತಾರೆ. ನೈಜರ್‌ನಲ್ಲೂ ಹಾಗೆಯೇ?

ಮಣ್ಣುಲೆಕ್ಕ:
ಹೌದು, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಿಮ್ಮ ಎರೆಮಣ್ಣಿಗೆ ಅಮೋನಿಯಂ (ಸಾರಜನಕದ ಒಂದು ರೂಪ) ಹಿಡಿದಿಟ್ಟುಕೊಳ್ಳುವ ಶಕ್ತಿ ಅಪಾರ, ಕೆ.ಜಿ. ಮಣ್ಣಿಗೆ 40ರಿಂದ 60 ಸೆಂಟಿಮೋಲ್. ನೈಜರ್‌ನ ಹೊಲದಲ್ಲಿ ಅದು 1ರಿಂದ 2. ರಾಜಧಾನಿ ನಿಯಾಮೆಯ ದಕ್ಷಿಣಕ್ಕೆ ಸದೋರೆ ಎಂಬಲ್ಲಿ ಇಕ್ರಿಸ್ಯಾಟ್‌ನ ಸಂಶೋಧನಾ ಕೇಂದ್ರವಿದೆ, ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಮುಖ್ಯ ಕಚೇರಿ ಇರುವ ಅದೇ ಸಂಸ್ಥೆ. ಅಲ್ಲಿನ ಮಣ್ಣಿನಲ್ಲಿ 90%ಕ್ಕೂ ಹೆಚ್ಚು ಮರಳು, ಸಾವಯವ ಇಂಗಾಲ 0.2%ದ ಆಸುಪಾಸು.

ಉಚ್ಚೆಯಲ್ಲಿರುವ ಯೂರಿಯಾ ಒಡೆಯುವಾಗ ಆ ಜಾಗದ ಪಿಎಚ್ (ಹುಳಿ-ಕ್ಷಾರದ ಅಳತೆ) ಒಮ್ಮೆಗೇ ಏರುತ್ತದೆ. ಜೇಡಿ ಇಲ್ಲದ ಬಿಸಿ ಮರಳಿನಲ್ಲಿ ಅಮೋನಿಯಾವನ್ನು ಹಿಡಿಯುವವರಿಲ್ಲ. ಉಚ್ಚೆಯ ಸಾರಜನಕದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಗಾಳಿಗೆ ಹೋಗುತ್ತದೆ. ಇಷ್ಟು ಹೋದಮೇಲೂ ಸದೋರೆಯ ಪ್ರಯೋಗಗಳಲ್ಲಿ ಬರೀ ಸಗಣಿ, ಹಿಕ್ಕೆ ಹರಡಿದ ಹೊಲಕ್ಕಿಂತ ಜಾನುವಾರು ಮಲಗಿದ ಹೊಲದಲ್ಲಿ ಸಜ್ಜೆ ಚೆನ್ನಾಗಿ ಬಂದಿದೆ. ಕಾರಣ ಸಾರಜನಕ ಒಂದೇ ಅಲ್ಲ. ಆ ಹುಳಿ ಮರಳಿನಲ್ಲಿ ಉಚ್ಚೆ ಪಿಎಚ್ ಏರಿಸಿದಾಗ ಸಿಕ್ಕಿಹಾಕಿಕೊಂಡಿದ್ದ ರಂಜಕ ಸಡಿಲವಾಗಿ ಬೇರಿಗೆ ಸಿಗುತ್ತದೆ. ಅಲ್ಲಿ ಸಜ್ಜೆಗೆ ಮೊದಲ ಹಸಿವು ರಂಜಕದ್ದು. ಹಿಕ್ಕೆಯನ್ನು ಮನೆಯ ಹತ್ತಿರ ಕೂಡಿಟ್ಟು ಗಾಡಿಯಲ್ಲಿ ಹೊಲಕ್ಕೆ ಸಾಗಿಸುವವರಿಗೆ ಈ ಉಚ್ಚೆಯ ಲಾಭ ಸಿಗುವುದಿಲ್ಲ.

ಮರಳುಹೊಲ:
ಇದಕ್ಕೆ ಕಾಲದ ಲೆಕ್ಕವನ್ನೂ ಸೇರಿಸಬೇಕು. ಹೊಲ ಖಾಲಿಯಾದ ಮೇಲೆ ಜಾನುವಾರು ಒಳಬಿಡುವ ದಿನವನ್ನು ಅಧಿಕಾರಿಗಳು ಘೋಷಿಸುತ್ತಾರೆ. ಅದಕ್ಕೆ ಮೊದಲೇ ನುಗ್ಗಿದರೆ ಜಗಳ, ಕೆಲವೊಮ್ಮೆ ಕೊಲೆಯವರೆಗೂ ಹೋಗುತ್ತದೆ. ಮಳೆ ಬೀಳುವುದು ಜೂನ್‌ನಲ್ಲಿ. ಡಿಸೆಂಬರ್‌ನಲ್ಲಿ ಮಂದೆ ನಿಂತ ತುಂಡಿನ ಹಿಕ್ಕೆ ಆರು ತಿಂಗಳು ಬಿಸಿಲು, ಗೆದ್ದಲು, ಹರ್ಮತ್ತಾನ್ ಗಾಳಿಗೆ ಒಡ್ಡಿಕೊಂಡಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ನಿಂತದ್ದು ಹೆಚ್ಚು ಉಳಿಯುತ್ತದೆ. ಆದ್ದರಿಂದ ಹೊಲದ ತೀರಾ ಬಡವಾದ ತುಂಡುಗಳನ್ನು ಕೊನೆಯ ತಿಂಗಳುಗಳಿಗೆ ಮೀಸಲಿಡುವುದು ಜಾಣತನ.

ಇನ್ನೊಂದು ತಪ್ಪು, ಹೊಲದ ತಗ್ಗಿನಲ್ಲಿ ಮಂದೆ ನಿಲ್ಲಿಸುವುದು. ಮೇಲ್ನೋಟಕ್ಕೆ ಮರಳು ಸಪಾಟಾಗಿ ಕಂಡರೂ ಕೆಲವೇ ಅಂಗುಲ ಏರುತಗ್ಗು ಇದ್ದೇ ಇರುತ್ತದೆ. ಮಳೆನೀರು ತಗ್ಗಿಗೆ ಹರಿದು ಅಲ್ಲೇ ಆಳಕ್ಕೆ ಇಂಗುತ್ತದೆ. ಸಜ್ಜೆಯ ಬೇರು ಇಳಿಯುವ ಮೊದಲೇ ನೈಟ್ರೇಟನ್ನೂ ಎಳೆದುಕೊಂಡು ಹೋಗುತ್ತದೆ. ಬೇಲಿ ತುಸು ಎತ್ತರದ ಜಾಗದಲ್ಲಿರಲಿ. ಮೊದಲ ಮಳೆ ಬಿದ್ದ ಕೂಡಲೇ ‘ಹಿಲೇರ್’ ಎಂಬ ಉದ್ದ ಹಿಡಿಯ ತಳ್ಳುಗುದ್ದಲಿಯಿಂದ 5 ಸೆಂ.ಮೀ. ಆಳಕ್ಕೆ ಹರಗಿ ಹಿಕ್ಕೆಯನ್ನು ಮಣ್ಣಿಗೆ ಸೇರಿಸಿ. ಇಲ್ಲವಾದರೆ ಒಣಗಿ ಹಗುರಾದ ಹಿಕ್ಕೆ ಮೊದಲ ರಭಸದ ಮಳೆಯಲ್ಲಿ ತೇಲಿ ಬದುವಿನ ಬುಡ ಸೇರುತ್ತದೆ.

ಬೆಟ್ಟದರೊಪ್ಪ:
ಈಗ ಲೆಸೊಥೊ. ಇಲ್ಲಿ ಕುರಿ ಎಂದರೆ ಉಣ್ಣೆಯ ಮೆರಿನೊ, ಜೊತೆಗೆ ಮೊಹೇರ್ ಎಂಬ ನುಣುಪು ಕೂದಲು ಕೊಡುವ ಅಂಗೋರಾ ಮೇಕೆ. ರಾತ್ರಿ ಮಲಗುವುದು ಕಲ್ಲು ಪೇರಿಸಿ ಕಟ್ಟಿದ ರೊಪ್ಪದಲ್ಲಿ, ಅಲ್ಲಿನ ಸೆಸೊಥೊ ಭಾಷೆಯಲ್ಲಿ ಅದರ ಹೆಸರು ‘ಲೆಸಾಕಾ’. ಗೊಬ್ಬರಕ್ಕೆ ‘ಮೊಯಿತೆದಿ’ ಎನ್ನುತ್ತಾರೆ.

ಮಲೋಟಿ ಬೆಟ್ಟಗಳಲ್ಲಿ ಮರ ಬಹಳ ವಿರಳ. ಉರುವಲಿಗೆ ಇರುವುದು ಪೊದೆ, ಸಗಣಿ, ಮತ್ತು ರೊಪ್ಪದ ನೆಲ. ಕುರಿಗಳು ತಿಂಗಳುಗಟ್ಟಲೆ ತುಳಿದು ಹಿಕ್ಕೆ, ಉಚ್ಚೆ, ಉಳಿದ ಹುಲ್ಲು ಎಲ್ಲವೂ ಸೇರಿ ಗಟ್ಟಿ ಹಲಗೆಯಾಗುತ್ತದೆ. ಅದನ್ನು ಸಲಿಕೆಯಿಂದ ಚೌಕವಾಗಿ ಕತ್ತರಿಸಿ, ಗೋಡೆಯ ಮೇಲೆ ಪೇರಿಸಿ ಒಣಗಿಸಿ ಒಲೆಗೆ ಹಾಕುತ್ತಾರೆ. ಹೆಸರು ‘ದಿಸು’. ಲೆಸೊಥೊದ ಬರಹದಲ್ಲಿ ‘ಲಿಸು’ ಎಂದಿರುತ್ತದೆ, ಅಲ್ಲಿ ‘ಲಿ’ ಎಂದು ಬರೆದದ್ದನ್ನು ‘ದಿ’ ಎಂದು ಓದಬೇಕು. ಹುಲ್ಲುಗಾವಲಿನಲ್ಲಿ ಬಿದ್ದು ಒಣಗಿದ ದನದ ಸಗಣಿಯನ್ನೂ ಆರಿಸಿ ತರುತ್ತಾರೆ, ಅದು ‘ಖಪಾನೆ’. ನಮ್ಮ ಕುಳ್ಳು, ಬೆರಣಿಗೆ ಸಗಣಿ ತಟ್ಟುವ ಕೆಲಸವಿದೆ. ದಿಸುವಿಗೆ ಅದಿಲ್ಲ, ಕುರಿಯ ಗೊರಸೇ ತಟ್ಟಿರುತ್ತದೆ.

ಹೀಗಾಗಿ ಲೆಸೊಥೊದಲ್ಲಿ ಕುರಿಗೊಬ್ಬರಕ್ಕೆ ಇಬ್ಬರು ಒಡೆಯರು, ಒಲೆ ಮತ್ತು ಹೊಲ. ಜೂನ್, ಜುಲೈನ ಕೊರೆಯುವ ಚಳಿಯಲ್ಲಿ ಒಲೆಯೇ ಗೆಲ್ಲುತ್ತದೆ, ಅದನ್ನು ತಪ್ಪೆನ್ನಲಾಗದು. ರೊಪ್ಪದ ಮೇಲಿನ ಸಡಿಲ ಪುಡಿ, ಗೋಡೆ ಬದಿಯ ತುಳಿಯದ ಭಾಗ, ಹಲಗೆ ಏಳದ ಚೂರುಗಳು ಹೊಲದ ಪಾಲು. ಒಲೆಯ ಬೂದಿಯೂ ಹೊಲಕ್ಕೆ ಹೋಗುತ್ತದೆ.

ಇನ್ನೂ ಒಂದು ವಿಷಯ ನೈಜರ್ ಜೊತೆ ಹೋಲಿಸಲು ತಕ್ಕದ್ದು. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಮಳೆಗಾಲವಾದ ಅಕ್ಟೋಬರ್‌ನಿಂದ ಏಪ್ರಿಲ್ ಹೊತ್ತಿಗೆ, ಹಿಂಡುಗಳು ಎತ್ತರದ ಹುಲ್ಲುಗಾವಲಿಗೆ ಹೋಗಿ ‘ಮೊತೆಬೊ’ ಎಂಬ ಕಾವಲು ನೆಲೆಗಳಲ್ಲಿ ಇರುತ್ತವೆ. ಆ ತಿಂಗಳುಗಳ ಹಿಕ್ಕೆ ಅಷ್ಟೂ ಹೊಲದಿಂದ ಗಂಟೆಗಟ್ಟಲೆ ದೂರದ ಬೆಟ್ಟದ ಮೇಲೆ ಬೀಳುತ್ತದೆ. ನೈಜರ್‌ನಲ್ಲಿ ಮಳೆಗಾಲದ ಹಿಕ್ಕೆ ಉತ್ತರಕ್ಕೆ ಹೋಗುತ್ತದೆ, ಲೆಸೊಥೊದಲ್ಲಿ ಮೇಲಕ್ಕೆ ಹೋಗುತ್ತದೆ. ಎರಡೂ ಕಡೆ ಹೊಲಕ್ಕೆ ಸಿಗುವುದು ಒಣ ತಿಂಗಳುಗಳ ಬಡ ಮೇವಿನ ಹಿಕ್ಕೆ ಮಾತ್ರ.

ಸಜ್ಜೆತೆನೆ:
ಹಾಗಾದರೆ ಲೆಸೊಥೊದಲ್ಲೂ ಚಳಿಗಾಲದಲ್ಲಿ ಹೊಲದಲ್ಲೇ ಮಂದೆ ನಿಲ್ಲಿಸಬಹುದಲ್ಲ? ಕೊಯ್ಲಾದ ಹೊಲ ಖಾಲಿಯೇ ಇರುತ್ತದೆ. ಸಾಗಾಟದ ಕೆಲಸವೂ ಉಳಿಯುತ್ತದೆ.

ಬೆಟ್ಟದರೊಪ್ಪ:
ಹಲವರು ಕೊಡುವ ಸಲಹೆ ಇದು, ಅಲ್ಲಿ ಇದೇ ರೂಪದಲ್ಲಿ ನಡೆಯುವುದಿಲ್ಲ. ಮೊದಲನೆಯದು ಕಳ್ಳತನ. ಲೆಸೊಥೊದಲ್ಲಿ ಜಾನುವಾರು ಕಳ್ಳತನ ಗಂಭೀರ ಸಮಸ್ಯೆ, ಬಂದೂಕು ಹಿಡಿದು ಬರುವವರಿದ್ದಾರೆ. ಮನೆಯ ಕೂಗಳತೆಗೆ ದೂರದ ಬಯಲಲ್ಲಿ ರಾತ್ರಿ ಕುರಿ ಬಿಡಿ ಎನ್ನುವವರು ಆ ಊರಿನ ಪರಿಸ್ಥಿತಿ ಅರಿತಿಲ್ಲ. ಎರಡನೆಯದು ಗಾಳಿ, ಚಳಿ. ಕಲ್ಲುಗೋಡೆ ಗಾಳಿ ತಡೆಯುತ್ತದೆ. ಉಣ್ಣೆ ಕತ್ತರಿಸಿದ ಹೊಸದರಲ್ಲಿ ಒಂದು ರಾತ್ರಿಯ ಚಳಿಮಳೆಗೇ ಕುರಿ ಸತ್ತುಹೋಗಬಹುದು. ಮೂರನೆಯದು ಉರುವಲು. ಹೊಲದಲ್ಲಿ ಚೆಲ್ಲಿದ ಹಿಕ್ಕೆ ಹಲಗೆ ಆಗುವುದಿಲ್ಲ, ಹಾಗಾದರೆ ಒಲೆಗೆ ಏನು? ನಾಲ್ಕನೆಯದು, ಕೊಯ್ಲಿನ ಮೇಲೆ ಹೊಲ ಊರೊಟ್ಟಿನ ಮೇವುನೆಲವಾಗುತ್ತದೆ. ಕೂಳೆ ಮೇಯುವುದು ಎಲ್ಲರ ಕುರಿ, ಹಿಕ್ಕೆ ಬೀಳುವುದು ಅವರವರ ರೊಪ್ಪದಲ್ಲಿ. ಕುರಿ ಇಲ್ಲದವನ ಹೊಲ ಪ್ರತಿವರ್ಷ ಕಳೆದುಕೊಳ್ಳುತ್ತಲೇ ಹೋಗುತ್ತದೆ. ನೈಜರ್‌ನ ಮಂದೆ ಒಪ್ಪಂದದಲ್ಲಿ ಕೂಳೆಗೆ ಬದಲು ಹಿಕ್ಕೆ ಬರುತ್ತದೆ, ಇಲ್ಲಿ ಆ ಬದಲಿ ಇಲ್ಲ.

ಸಾಧ್ಯವಿರುವುದು ರೊಪ್ಪದ ಜಾಗ ಬದಲಿಸುವುದು. ಮನೆಯ ಪಕ್ಕದಲ್ಲೇ ಎರಡು ರೊಪ್ಪ ಇಟ್ಟುಕೊಂಡು ಎರಡು ಮೂರು ವರ್ಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಹಿಂಡು ಸರಿಸಬೇಕು. ಬಿಟ್ಟ ರೊಪ್ಪದಲ್ಲಿ ಹಲಗೆ ಎತ್ತಿದ ಮೇಲೆ ಉಳಿಯುವ ನೆಲ ಬಹಳ ಫಲವತ್ತು. ಮೊದಲ ವರ್ಷವೇ ಅಲ್ಲಿ ಬೀನ್ಸ್ ಅಥವಾ ಮೆಕ್ಕೆಜೋಳ ಹಾಕಬೇಡಿ. ಉಪ್ಪು ಮತ್ತು ಅಮೋನಿಯಂ ಎರಡೂ ಅತಿಯಾಗಿರುತ್ತವೆ, ಬೀನ್ಸ್ ಎಲೆಯಂಚು ಸುಟ್ಟುಕೊಳ್ಳುತ್ತದೆ, ಮೆಕ್ಕೆಜೋಳ ಎತ್ತರ ಬೆಳೆದು ಮಲಗುತ್ತದೆ. ಕುಂಬಳ ಅಥವಾ ‘ಮೊರೊಹೊ’ಗೆ ಬಳಸುವ ಸೊಪ್ಪು ಒಂದು ಮಳೆಗಾಲ ಬೆಳೆದು, ಎರಡನೆಯ ವರ್ಷ ಮೆಕ್ಕೆಜೋಳಕ್ಕೆ ಹೋಗಿ.

ಮಣ್ಣುಲೆಕ್ಕ:
ಒಲೆಗೆ ಹಾಕಿದಾಗ ಆಗುವ ನಷ್ಟದ ಲೆಕ್ಕ ಕೊಡುತ್ತೇನೆ. 40 ಮೆರಿನೊ, ರಾತ್ರಿಗೆ ತಲಾ 200 ಗ್ರಾಂ, 120 ರಾತ್ರಿ. ಒಟ್ಟು 960 ಕೆ.ಜಿ. ಒಣ ಗೊಬ್ಬರ. ಉಚ್ಚೆಯೂ ಸೇರಿದ ಹಲಗೆಯಾದ್ದರಿಂದ ಸಾರಜನಕ 2% ಎಂದು ಹಿಡಿಯೋಣ, 19 ಕೆ.ಜಿ. ಆಗುತ್ತದೆ. ಯೂರಿಯಾ ಲೆಕ್ಕದಲ್ಲಿ 41 ಕೆ.ಜಿ., ನಮ್ಮ 45 ಕೆ.ಜಿ. ಚೀಲಕ್ಕೆ ಸ್ವಲ್ಪ ಕಡಿಮೆ. ಸುಟ್ಟರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ, ಗಂಧಕದ ಬಹುಪಾಲು ಹೋಗುತ್ತದೆ, ಮಣ್ಣಿಗೆ ಸೇರಬೇಕಿದ್ದ ಸಾವಯವ ಪದಾರ್ಥವೂ ಹೋಗುತ್ತದೆ. ಸುಮಾರು 240 ಕೆ.ಜಿ. ಬೂದಿ ಉಳಿಯುತ್ತದೆ. ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ ಬಹುತೇಕ ಅದರಲ್ಲೇ ಇರುತ್ತವೆ. ಹಾಗಾಗಿ ‘ಸುಟ್ಟರೆ ಎಲ್ಲಾ ಹೋಯಿತು’ ಎನ್ನುವುದು ತಪ್ಪು, ‘ಬೂದಿ ಹಾಕಿದರೆ ಸಾಕು’ ಎನ್ನುವುದೂ ತಪ್ಪು. ಬೂದಿ ಜೊತೆ ಸಾರಜನಕಕ್ಕೆ ಬೇರೆ ದಾರಿ ಬೇಕು, ದ್ವಿದಳ ಬೆಳೆಯಾದರೂ ಬೇಕು.

ನೈಜರ್‌ನಲ್ಲಿ ಕಳ್ಳ ಗಾಳಿ ಮತ್ತು ಮರಳು, ಲೆಸೊಥೊದಲ್ಲಿ ಬೆಂಕಿ. ರೊಪ್ಪದಲ್ಲಿ ಇರುವಷ್ಟು ಕಾಲ ಲೆಸೊಥೊದ ಗೊಬ್ಬರವೇ ಹೆಚ್ಚು ಸುರಕ್ಷಿತ. ಚಳಿ, ಒತ್ತಾಗಿ ತುಳಿದ ಗಾಳಿಯಾಡದ ಪದರ, ಮಳೆಯಿಲ್ಲದ ಚಳಿಗಾಲ, ಮೂರೂ ಸಾರಜನಕವನ್ನು ಕಾಯುತ್ತವೆ. ಅಕ್ಟೋಬರ್ ಮಳೆ ಶುರುವಾಗುವ ಮೊದಲು ಹಲಗೆ ಎತ್ತದಿದ್ದರೆ ಮಾತ್ರ ಕಪ್ಪು ನೀರಾಗಿ ರೊಪ್ಪದ ಬಾಗಿಲಿನಿಂದ ಹರಿದುಹೋಗುತ್ತದೆ.

ಇನ್ನೊಂದು ಬೇಸರದ ಸಂಗತಿ. ಲೆಸೊಥೊದ ಎತ್ತರದ ಬಸಾಲ್ಟ್ ಕಲ್ಲಿನಿಂದಾದ ಕಪ್ಪು ಮಣ್ಣಿನಲ್ಲಿ ಸಾವಯವ ಇಂಗಾಲ ಈಗಲೇ ಸಾಕಷ್ಟಿದೆ. ಗೊಬ್ಬರ ತುರ್ತಾಗಿ ಬೇಕಿರುವುದು ಪಶ್ಚಿಮದ ತಗ್ಗು ಪ್ರದೇಶದ ಮರಳುಗಲ್ಲಿನ ಹೊಲಗಳಿಗೆ. ಅಲ್ಲಿ ಮೇಲೆ ತೆಳು ಮರಳು, ಕೆಳಗೆ ನೀರಿಳಿಯದ ಜೇಡಿ. ಮಳೆ ಬಂದರೆ ಮೇಲ್ಮಣ್ಣು ಜಾರಿ ಆಳುದ್ದದ ಕೊರಕಲು ಬೀಳುತ್ತದೆ. ಆದರೆ ದೊಡ್ಡ ಹಿಂಡುಗಳಿರುವುದು ಮೊಖೊಟ್ಲಾಂಗ್, ಥಾಬಾ-ತ್ಸೆಕಾದಂಥ ಬೆಟ್ಟದ ಜಿಲ್ಲೆಗಳಲ್ಲಿ.

ಗುಣಿಬೇಸಾಯ:
ಕೊಂಚವೇ ಗೊಬ್ಬರ ಇದ್ದಾಗ ಎರಡೂ ದೇಶ ಒಂದೇ ಉಪಾಯಕ್ಕೆ ಬಂದಿವೆ. ಅದು ಗುಣಿ.

ನೈಜರ್‌ನ ಹೌಸಾ ಹೆಸರು ‘ತಸ್ಸಾ’. 1989ರಲ್ಲಿ ತಾಹುವಾ ಪ್ರಾಂತದ ಇಲ್ಲೇಲಾದ ರೈತರು ಬುರ್ಕಿನಾ ಫಾಸೊದ ಯತೆಂಗಾಕ್ಕೆ ಹೋಗಿ ಅಲ್ಲಿನ ‘ಝಾಯಿ’ ಗುಣಿಗಳನ್ನು ನೋಡಿಬಂದ ಮೇಲೆ ಅದು ಮತ್ತೆ ಹರಡಿತು. 20ರಿಂದ 30 ಸೆಂ.ಮೀ. ಅಗಲ, 15ರಿಂದ 20 ಸೆಂ.ಮೀ. ಆಳ, 1 ಮೀಟರ್ ಅಂತರವಾದರೆ ಹೆಕ್ಟೇರಿಗೆ 10,000 ಗುಣಿ. ತಲಾ 300 ಗ್ರಾಂ ಒಣ ಹಿಕ್ಕೆ ಎಂದರೆ 3 ಟನ್. ಅಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಏರಿ ಕಟ್ಟಬೇಕು, ನೀರು ತಡೆಯುವುದು ಅದೇ. ಅಗೆಯುವುದು ಬೇಸಿಗೆಯಲ್ಲಿ. ಗೊಬ್ಬರಕ್ಕೆ ಬರುವ ಗೆದ್ದಲು ಕೆಳಗಿನ ಗಟ್ಟಿ ಪದರಕ್ಕೆ ತೂತು ಕೊರೆಯುತ್ತದೆ, ನೀರು ಆ ತೂತಿನಲ್ಲಿ ಇಳಿಯುತ್ತದೆ. ಹಾಗಾಗಿ ಇಲ್ಲಿ ಗೆದ್ದಲು ಸಹಾಯಕ, ಔಷಧಿ ಹಾಕಿ ಕೊಲ್ಲಬೇಡಿ.

ತಸ್ಸಾ ಕೆಲಸ ಮಾಡುವುದು ಮೇಲೆ ಪೊರೆಗಟ್ಟಿ ಬಿರುಸಾದ ನೆಲದಲ್ಲಿ. ಸಡಿಲ ಮರಳಿನಲ್ಲಿ ತೆಗೆದರೆ ಮೊದಲ ಗಾಳಿಗೇ ಮುಚ್ಚಿಹೋಗುತ್ತದೆ, ಶ್ರಮ ವ್ಯರ್ಥ. ಮರಳಿಗೆ ಮಂದೆ, ಬಿರುಸು ನೆಲಕ್ಕೆ ಗುಣಿ ಎಂಬುದನ್ನು ಕಲೆಸಿಕೊಳ್ಳಬಾರದು.

ಲೆಸೊಥೊದಲ್ಲಿ ಅದರ ಹೆಸರು ‘ದಿಕೋಟಿ’, ಬರೆಯುವುದು ‘ಲಿಕೋಟಿ’. ಉಳುಮೆ ಇಲ್ಲದೆ, 30 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಗುಣಿಗಳನ್ನು 75 ಸೆಂ.ಮೀ. ಅಂತರದಲ್ಲಿ ತೆಗೆಯುತ್ತಾರೆ. ಹೆಕ್ಟೇರಿಗೆ ಸುಮಾರು 17,800. 2000ದ ದಶಕದಲ್ಲಿ ಕಾಚಾಸ್ ನೆಕ್ ಜಿಲ್ಲೆಯಲ್ಲಿ ಬೆಳೆದ ಪದ್ಧತಿ. ಗುಣಿಗೆ 250 ಗ್ರಾಂ ಗೊಬ್ಬರ ಹಾಕಿದರೆ ಹೆಕ್ಟೇರಿಗೆ 4.4 ಟನ್. ಮೇಲೆ ಹೇಳಿದ 40 ಕುರಿಗಳ 960 ಕೆ.ಜಿ.ಯಿಂದ 3,840 ಗುಣಿ ತುಂಬುತ್ತವೆ, ಅರ್ಧ ಎಕರೆಗೆ ತುಸು ಹೆಚ್ಚು. ಅದೂ ಒಲೆಗೆ ಒಂದು ಚೂರೂ ಹೋಗದಿದ್ದರೆ.

ಇಲ್ಲಿ ಸೋಲುವುದು ಎರಡು ಕಡೆ. ಗೊಬ್ಬರದ ಮೇಲೇ ಬೀಜ ಇಟ್ಟರೆ ಮೊಳಕೆ ಸುಡುತ್ತದೆ. ಗೊಬ್ಬರ, ಅದರ ಮೇಲೆ 5 ಸೆಂ.ಮೀ. ಮಣ್ಣು, ಆಮೇಲೆ ಬೀಜ, ಮತ್ತೆ ಮಣ್ಣು, ಈ ಕ್ರಮ ತಪ್ಪಬಾರದು. ಎರಡನೆಯದು ಕೂಳೆಯ ಹೊದಿಕೆ. ಊರಿನ ಕುರಿ ಎಲ್ಲಾ ಮೇಯ್ದುಹೋದಮೇಲೆ ಹೊಲದಲ್ಲಿ ಹೊದಿಸಲು ಏನೂ ಉಳಿಯುವುದಿಲ್ಲ, ಕಳೆ ಎರಡು ಪಟ್ಟಾಗುತ್ತದೆ.

ಎರೆಹೊಲ:
ಬೂದಿ ಮತ್ತು ಹಿಕ್ಕೆ ಎರಡನ್ನೂ ಮೊದಲೇ ಕಲೆಸಿ ರಾಶಿ ಹಾಕಿಟ್ಟುಕೊಂಡರೆ ಕೆಲಸ ಹಗುರ ಅಲ್ಲವೇ? ಲೆಸೊಥೊದ ಮಚೊಬಾನೆ ಪದ್ಧತಿಯಲ್ಲಿ ಎರಡನ್ನೂ ಬಳಸುತ್ತಾರೆ ಎಂದು ಓದಿದ್ದೇನೆ.

ಮಣ್ಣುಲೆಕ್ಕ:
ಎರಡನ್ನೂ ಬಳಸುವುದು ಸರಿ, ಕಲೆಸಿ ರಾಶಿ ಹಾಕುವುದು ಸರಿಯಲ್ಲ. ಬೂದಿ ಕ್ಷಾರ. ಹಸಿ ಹಿಕ್ಕೆಗೆ ಬೆರೆತು ತೇವ ತಗುಲಿದರೆ ಅಮೋನಿಯಂ ಅಮೋನಿಯಾ ಆಗಿ ಹಾರಿಹೋಗುತ್ತದೆ. ರಾಶಿಯ ಹತ್ತಿರ ಮೂಗಿಗೆ ಘಾಟು ಬಡಿದರೆ ಹಣ ಹಾರುತ್ತಿದೆ ಎಂದೇ ಅರ್ಥ. ಬೂದಿಯನ್ನು ಒಣಗಿದ ಕಡೆ, ಮುಚ್ಚಿದ ಪಾತ್ರೆಯಲ್ಲಿ ಬೇರೆ ಇಡಿ. ಮಳೆಗೆ ಬಿಟ್ಟರೆ ಪೊಟ್ಯಾಷ್ ತೊಳೆದುಹೋಗುತ್ತದೆ. ಗುಣಿಗೆ ಒಂದು ಹಿಡಿ, ಸುಮಾರು 50 ಗ್ರಾಂ ಬೂದಿ ಹಾಕಿ ಮಣ್ಣಿನೊಂದಿಗೆ ಕೆದಕಿ, ಮೇಲೆ ಹಿಕ್ಕೆ ಹಾಕಿ ಕೂಡಲೇ ಮಣ್ಣು ಮುಚ್ಚಿ. ಮಣ್ಣೊಳಗೆ ಸೇರಿದರೆ ನಷ್ಟ ಬಹಳ ಕಡಿಮೆ. 3,840 ಗುಣಿಗೆ 192 ಕೆ.ಜಿ. ಬೂದಿ ಬೇಕು, 40 ಕುರಿಗಳ ದಿಸುವಿನ ಬೂದಿ ಅಷ್ಟಕ್ಕೆ ಸಾಲುತ್ತದೆ. ಆದರೆ ಅದೇ ಹಲಗೆ ಒಲೆಗೂ ಗುಣಿಗೂ ಆಗುವುದಿಲ್ಲವಲ್ಲ, ಆಯ್ಕೆ ಮಾಡಲೇಬೇಕು.

ಬೆಟ್ಟದರೊಪ್ಪ:
ಜೇಮ್ಸ್ ಜೇಕಬ್ ಮಚೊಬಾನೆ 20ನೇ ಶತಮಾನದ ನಡುವಿನಲ್ಲಿ ರೂಪಿಸಿದ ಪದ್ಧತಿ ಅದು, 1990ರ ದಶಕದಲ್ಲಿ ಮತ್ತೆ ಪ್ರಚಾರಕ್ಕೆ ಬಂತು. ಬಡವನ ಹತ್ತಿರ ಏನಿದೆಯೋ ಅದರಿಂದ ಶುರುಮಾಡಬೇಕೆಂಬುದು ಅದರ ಜೀವಾಳ. ರೊಪ್ಪದ ಗೊಬ್ಬರ, ಒಲೆಯ ಬೂದಿ, ಆಲೂಗಡ್ಡೆಯ ಸಾಲು, ನಡುವೆ ಬೀನ್ಸ್, ಮೆಕ್ಕೆಜೋಳ, ಕುಂಬಳ, ಚಳಿಗಾಲಕ್ಕೆ ಗೋಧಿ, ಬಟಾಣಿ. ಬೆಳೆ ಬದಲಾದರೂ ಗೊಬ್ಬರ ಬೀಳುವ ಸಾಲು ಅದೇ ಆದ್ದರಿಂದ ವರ್ಷದಿಂದ ವರ್ಷಕ್ಕೆ ಅಲ್ಲಿ ಮಣ್ಣು ಕಟ್ಟಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಲೆಸೊಥೊದ ಸ್ಥಿತಿಗೆ ಇದಕ್ಕಿಂತ ಹೊಂದುವ ವಿಚಾರ ಇನ್ನೂ ಬಂದಿಲ್ಲ.

ಒಂದೇ ಎಚ್ಚರ. ಆಲೂಗಡ್ಡೆಯ ಸಾಲಿಗೆ ಬೂದಿ ಅತಿಯಾದರೆ ಗಡ್ಡೆಯ ಮೇಲೆ ಕಜ್ಜಿ ಏಳುತ್ತದೆ. ಆ ರೋಗಾಣುವಿಗೆ ಹುಳಿ ಮಣ್ಣು ಆಗದು, ಪಿಎಚ್ 5.5ರಿಂದ ಮೇಲೆ ಹೋದಂತೆ ಬಲವಾಗುತ್ತದೆ. ಹಸಿ ಗೊಬ್ಬರವೂ ಕಜ್ಜಿ ಹೆಚ್ಚಿಸುತ್ತದೆ. ಆಲೂಗಡ್ಡೆಗೆ ಕಳಿತ ಗೊಬ್ಬರ ಹೆಚ್ಚು, ಬೂದಿ ಕಡಿಮೆ. ಬೀನ್ಸ್, ಬಟಾಣಿ ಸಾಲಿಗೆ ಬೂದಿ ಧಾರಾಳ.

ಮರಳುಹೊಲ:
ನೈಜರ್‌ನಲ್ಲಿ ಹಿಕ್ಕೆಯ ಜೊತೆ ಬೀಜವೂ ಬರುತ್ತದೆ. ಮುಳ್ಳುಕಾಯಿಯ ಕ್ರಾಮ್-ಕ್ರಾಮ್ ಹುಲ್ಲು ಕುರಿಯ ತುಪ್ಪಟಕ್ಕೆ ಅಂಟಿ ಬಂದು ಮಂದೆ ನಿಂತಲ್ಲಿ ಉದುರುತ್ತದೆ, ಮೊದಲ ಹರಗುವಿಕೆ ತಡವಾದರೆ ಸಜ್ಜೆಯ ಸಸಿಯನ್ನು ನುಂಗುತ್ತದೆ. ಆದರೆ ಒಳ್ಳೆಯ ಬೀಜವೂ ಬರುತ್ತದೆ. ‘ಗಾವ್’ ಮರದ ಕಾಯಿಯನ್ನು ಒಣಗಾಲದಲ್ಲಿ ಕುರಿಗಳು ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಒಂದಷ್ಟು ಹೊಟ್ಟೆಯಿಂದ ಹಾಗೇ ಹೊರಬಂದು ಹೊಲದಲ್ಲಿ ಮೊಳೆಯುತ್ತವೆ. ಗಾವ್ ಮಳೆಗಾಲದಲ್ಲಿ ಎಲೆ ಉದುರಿಸಿ ಒಣಗಾಲದಲ್ಲಿ ಚಿಗುರುವ ಮರ, ಆದ್ದರಿಂದ ಸಜ್ಜೆಗೆ ನೆರಳಿನ ಕಾಟವಿಲ್ಲ. ಹರಗುವಾಗ ಆ ಸಸಿಗಳನ್ನು ಗುರುತಿಸಿ ಬಿಟ್ಟರೆ ಮುಂದೆ ಅದೇ ಮರದಡಿ ಕುರಿ ಮಲಗುತ್ತದೆ, ಹಿಕ್ಕೆ ಬೀಳುತ್ತದೆ. 1980ರ ದಶಕದಿಂದ ಮರಾದಿ ಪ್ರಾಂತದಲ್ಲಿ ರೈತರು ತಾನಾಗಿ ಎದ್ದ ಸಸಿ, ಬೊಡ್ಡೆಚಿಗುರುಗಳನ್ನು ಉಳಿಸಿಕೊಂಡು ಹೊಲ ಹಸಿರು ಮಾಡಿದ್ದಾರೆ. ಲೆಸೊಥೊದ ಚಳಿಗೆ ಇಂಥ ಮರ ಸಿಕ್ಕಿಲ್ಲ ಎಂಬುದೇ ದಿಸುವಿನ ಸಮಸ್ಯೆಯ ಬುಡ.

ಇನ್ನು ಹಿಕ್ಕೆ ಹೆಚ್ಚಾದ ಸಜ್ಜೆ ಬೇಗ ಎಲೆ ತುಂಬಿಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಎರಡು ವಾರ ಮಳೆ ಕೈಕೊಟ್ಟರೆ ಗೊಬ್ಬರವಿಲ್ಲದ ಹೊಲಕ್ಕಿಂತ ಮೊದಲು ಅದೇ ಬಾಡುತ್ತದೆ. ‘ತಾಕಿ ಬೆಳೆ ಸುಟ್ಟಿತು’ ಎಂಬ ದೂರಿನ ಹಿಂದೆ ಇರುವುದು ನೀರಿನ ಲೆಕ್ಕ. ಮಳೆ 400 ಮಿ.ಮೀ. ಇರುವ ಕಡೆ ಎರಡು ರಾತ್ರಿಗಿಂತ ಹೆಚ್ಚು ನಿಲ್ಲಿಸದಿರಲು ಇದೂ ಒಂದು ಕಾರಣ.

ಸಜ್ಜೆತೆನೆ:
ಮಂದೆಯ ಲೆಕ್ಕದಲ್ಲೇ ಒಂದು ಮಿತಿ ಕಾಣುತ್ತಿದೆ. 100 ಕುರಿ, ಎರಡು ರಾತ್ರಿಗೆ 100 ಚದರ ಮೀಟರ್. ಒಂದು ಹೆಕ್ಟೇರಿಗೆ 200 ರಾತ್ರಿ ಬೇಕು. ಅಂದರೆ ಇಡೀ ಒಣಗಾಲ ಒಂದೇ ಹೆಕ್ಟೇರಿಗೆ ಮುಗಿಯಿತು!

ಮರಳುಹೊಲ:
ಸರಿಯಾಗಿ ಹಿಡಿದಿರಿ. ಮಂದೆಯ ಪರಿಣಾಮ ಎರಡು ಮೂರು ಬೆಳೆಗೆ ಉಳಿಯುವುದರಿಂದ ಮೂರು ವರ್ಷದ ಸುತ್ತು ಹಾಕಿದರೆ 100 ಕುರಿ 3 ಹೆಕ್ಟೇರ್ ಕಾಪಾಡಬಲ್ಲವು. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಜೊತೆಗೆ ಆ ಹಿಕ್ಕೆ ಶೂನ್ಯದಿಂದ ಬಂದದ್ದಲ್ಲ, ಸುತ್ತಲಿನ ಮೇವುನೆಲದಿಂದ ಹೊತ್ತು ತಂದದ್ದು. ಮೇವುನೆಲ ಉತ್ತು ಹೊಲ ಮಾಡುತ್ತಾ ಹೋದಂತೆ ಹಿಕ್ಕೆಯ ಮೂಲವೇ ಬತ್ತುತ್ತದೆ. ಬೇಸಾಯದ ಉತ್ತರ ಗಡಿಯನ್ನು 1961ರಲ್ಲೇ ನೈಜರ್ ಕಾನೂನಿನಲ್ಲಿ ಗುರುತಿಸಿತ್ತು, ಆದರೂ ಹೊಲಗಳು ಅದನ್ನು ದಾಟಿ ಬಹುದೂರ ಹೋಗಿವೆ.

ಅದಕ್ಕೇ ಮಂದೆ ತಲುಪದ ಹೊಲಕ್ಕೆ ಚಿಟಿಕೆ ಗೊಬ್ಬರ. ಬಿತ್ತುವಾಗ ಸಜ್ಜೆಯ ಪ್ರತಿ ಗುಳಿಗೆ 2 ಗ್ರಾಂ ಡಿಎಪಿ, ಮೂರು ಬೆರಳಿಗೆ ಸಿಗುವಷ್ಟು. ಅಥವಾ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇರುವ 15-15-15 ಗೊಬ್ಬರ 6 ಗ್ರಾಂ. ಹೆಕ್ಟೇರಿಗೆ 10,000 ಗುಳಿಯಾದರೆ ಡಿಎಪಿ 20 ಕೆ.ಜಿ. ಮಾತ್ರ. ಹಿಕ್ಕೆ ಒಂದು ಹಿಡಿಯೂ ಜೊತೆಗಿದ್ದರೆ ಫಲ ಇನ್ನೂ ಚೆನ್ನ.

ಗುಣಿಬೇಸಾಯ:
ಚಿಟಿಕೆ ಗೊಬ್ಬರವನ್ನೇ ವರ್ಷವರ್ಷ ನಂಬಿಕೊಳ್ಳಬೇಡಿ ಎಂದು ಸೇರಿಸಿ. 20 ಕೆ.ಜಿ. ಡಿಎಪಿಯಲ್ಲಿ ರಂಜಕ 4 ಕೆ.ಜಿ., ಪೊಟ್ಯಾಷ್ ಸೊನ್ನೆ. ಬೆಳೆ ಹೆಚ್ಚಾದಷ್ಟೂ ದಂಟಿನಲ್ಲಿ ಪೊಟ್ಯಾಷ್ ಹೊರಹೋಗುತ್ತದೆ, ಮರಳು ಇನ್ನಷ್ಟು ಹುಳಿಯಾಗುತ್ತದೆ. ಮೂರು ವರ್ಷಕ್ಕೊಮ್ಮೆಯಾದರೂ ಮಂದೆ ತಿರುಗಿ ಬರಲೇಬೇಕು.

ಎರೆಹೊಲ:
ಜಂತಿನ ಔಷಧಿ ಕೊಟ್ಟ ಕುರಿಯ ಹಿಕ್ಕೆ ಬಳಸಬಹುದೇ?

ಬೆಟ್ಟದರೊಪ್ಪ:
ಬಳಸಬಹುದು. ಕಜ್ಜಿ, ಜಂತಿಗೆ ಐವರ್ಮೆಕ್ಟಿನ್ ಕೊಟ್ಟರೆ ಅದು ಕೆಲವು ದಿನ ಹಿಕ್ಕೆಯಲ್ಲೇ ಹೊರಬರುತ್ತದೆ, ಸಗಣಿಹುಳುಗಳ ಮರಿ ಸಾಯುತ್ತವೆ, ಹಿಕ್ಕೆ ಮಣ್ಣು ಸೇರುವುದು ನಿಧಾನವಾಗುತ್ತದೆ. ಔಷಧಿ ಕೊಟ್ಟ ಮೊದಲ ವಾರದ ಹಿಕ್ಕೆಯನ್ನು ಲೆಸೊಥೊದಲ್ಲಾದರೆ ಒಲೆಯ ಪಾಲಿಗೆ ಬಿಡಿ. ನೈಜರ್‌ನಲ್ಲಾದರೆ ಆ ವಾರ ಮಂದೆಯನ್ನು ಹೊಲದ ಹೊರಗೆ ನಿಲ್ಲಿಸಿ.

ಸಜ್ಜೆತೆನೆ:
ಕೊನೆಯದಾಗಿ, ದಿಸು ಹಲಗೆಯಲ್ಲಿ ಒಂದು ಪಾಲನ್ನು ಹೊಲಕ್ಕೆ ತಿರುಗಿಸಬೇಕೆಂದರೆ ಏನು ಮಾಡಬೇಕು? ಹಲಗೆಯನ್ನು ಹಾಗೇ ಹೊಲಕ್ಕೆ ಎಸೆದರೆ ಕರಗುತ್ತದೆಯೇ?

ಬೆಟ್ಟದರೊಪ್ಪ:
ಕರಗುವುದಿಲ್ಲ, ಒಂದು ಮಳೆಗಾಲ ಕಳೆದರೂ ಇಟ್ಟಿಗೆಯಂತೆ ಬಿದ್ದಿರುತ್ತದೆ, ನೇಗಿಲಿಗೆ ಅಡ್ಡ ಬರುತ್ತದೆ. ಹೀಗೆ ಮಾಡಿ. ಆಗಸ್ಟ್ ಕೊನೆಗೆ ಹಲಗೆ ಕತ್ತರಿಸುವಾಗಲೇ ಪಾಲು ಬೇರೆ ಮಾಡಿ. ಚೆನ್ನಾಗಿ ಉರಿಯುವ ಗಟ್ಟಿ ನಡುಭಾಗ ಒಲೆಗೆ, ಬಾಗಿಲ ಬಳಿಯ ಒದ್ದೆ ಭಾಗ ಹಾಗೂ ಅಡಿಯ ಮಣ್ಣು ಬೆರೆತ ಪದರ ಹೊಲಕ್ಕೆ. ಮಣ್ಣು ಬೆರೆತದ್ದು ಒಲೆಯಲ್ಲಿ ಹೊಗೆಯನ್ನೇ ಕೊಡುತ್ತದೆ, ಆದ್ದರಿಂದ ಮನೆಯ ಹೆಂಗಸರೂ ಈ ಹಂಚಿಕೆಗೆ ಒಪ್ಪುತ್ತಾರೆ. ಹೊಲದ ಪಾಲನ್ನು ಹಸಿ ಇರುವಾಗಲೇ ಗುದ್ದಲಿಯ ಹಿಂಬದಿಯಿಂದ ಬಡಿದು ನೆಲ್ಲಿಕಾಯಿ ಗಾತ್ರಕ್ಕಿಂತ ಸಣ್ಣದು ಮಾಡಿ, ಒಣಗಿದ ಮೇಲೆ ಒಡೆಯುವುದು ಕಷ್ಟ.

ರೊಪ್ಪದ ಗೋಡೆಯ ಬಿಸಿಲು ಬೀಳುವ ಉತ್ತರ ಬದಿಗೆ ರಾಶಿ ಹಾಕಿ. ಅಲ್ಲಿ ಸೂರ್ಯ ಉತ್ತರದಲ್ಲಿರುತ್ತಾನೆ, ದಕ್ಷಿಣ ಬದಿಯಲ್ಲಿ ಹಾಕಿದರೆ ಹಿಮ ಕರಗದೆ ರಾಶಿ ತಣ್ಣಗೇ ಉಳಿಯುತ್ತದೆ. ಕನಿಷ್ಠ 1 ಮೀಟರ್ ಉದ್ದ, ಅಗಲ, ಎತ್ತರ ಬೇಕು. ಸಣ್ಣ ರಾಶಿ ಬಿಸಿಯಾಗುವುದಿಲ್ಲ. ಜೋಳದ ದಂಟು ಸಿಕ್ಕರೆ ನಡುನಡುವೆ ಹಾಸಿ. ನೀರು ಚಿಮುಕಿಸಿ, ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಮೇಲೆ ಮೂರು ಬೆರಳು ದಪ್ಪ ಮಣ್ಣು ಹೊದಿಸಿ. ನಡುವೆ ಒಂದು ಕಬ್ಬಿಣದ ಸಲಾಕೆ ಚುಚ್ಚಿಡಿ. ವಾರದ ನಂತರ ಎಳೆದಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸರಿಯಾಗಿ ಕಳಿಯುತ್ತಿದೆ, ಕಳೆಬೀಜವೂ ಸಾಯುತ್ತದೆ. ಉಗುರುಬೆಚ್ಚಗಿದ್ದರೆ ನೀರು ಕಡಿಮೆ ಅಥವಾ ರಾಶಿ ಸಣ್ಣದು. ಮೂರು ವಾರಕ್ಕೊಮ್ಮೆ ತಿರುವಿ ಹಾಕಿ. ಎರಡನೆಯ ತಿರುವಿಗೆ, ಅಕ್ಟೋಬರ್ ನಡುವೆ, ಮೆಕ್ಕೆಜೋಳದ ಗುಣಿಗೆ ಬಳಸಬಹುದು. ಆಗಲೂ ಘಾಟು ವಾಸನೆ ಇದ್ದರೆ ಇನ್ನೂ ಒಂದು ವಾರ ಬಿಡಿ, ತಗ್ಗು ಪ್ರದೇಶದಲ್ಲಾದರೆ ಬಿತ್ತನೆಯನ್ನು ನವೆಂಬರ್ ಮೊದಲ ವಾರಕ್ಕೆ ಸರಿಸಿದರೂ ಬೆಳೆಗೆ ತೊಂದರೆಯಿಲ್ಲ.